ಪಹಣಿಯಲ್ಲಿ ಇಲ್ಲದ ಗೋರಿಗಳು

ಐಹೊಳೆಗೆ ಹೋದವರು ಸಾಮಾನ್ಯವಾಗಿ ಮೇಗುತಿ ಗುಡ್ಡವನ್ನೂ ಹತ್ತಿರುತ್ತಾರೆ. ಮೇಲಿನ ಬಸದಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಕ್ರಿ.ಶ. 634ರದ್ದು, ಇಮ್ಮಡಿ ಪುಲಕೇಶಿಯ ಗುಣಗಾನ. ಶಾಸನದ ಫೋಟೊ ತೆಗೆದು, ಕೆಳಗೆ ಕಾಣುವ ಊರಿನ ಫೋಟೊ ತೆಗೆದು, ಬಿಸಿಲು ಜಾಸ್ತಿಯಾಯಿತು ಎಂದು ಇಳಿದುಬಿಡುತ್ತೇವೆ. ಅದೇ ಗುಡ್ಡದ ಮೇಲೆ, ಬಸದಿಯಿಂದ ಸ್ವಲ್ಪ ಆಚೆ, ಬೇರೆಯದೇ ಒಂದು ಊರಿದೆ. ಮೂರು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಪುಟ್ಟ ಕಲ್ಲಿನ ಗೂಡುಗಳು. ಕೆಲವು ನಿಂತಿವೆ, ಹಲವು ಕುಸಿದಿವೆ. ನೋಡಿದರೂ ಯಾರೋ ದನ ಕಾಯುವವರು ಬಿಸಿಲಿಗೆ ಕಟ್ಟಿಕೊಂಡದ್ದು ಅನಿಸುತ್ತದೆ.

ಅವು ಗೋರಿಗಳು. ರವಿಕೀರ್ತಿ ಗುಡ್ಡ ಹತ್ತಿದ ದಿನವೂ ಅವು ಅಲ್ಲಿದ್ದವು. ಅವನ ಕಾಲಕ್ಕೇ ಅವು ಹಳೆಯವು.

ಇಂಥ ಗೋರಿಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ಕೊಪ್ಪಳ, ರಾಯಚೂರು, ಯಾದಗಿರಿ, ಚಿತ್ರದುರ್ಗ, ಕೋಲಾರ, ಕೊಡಗು, ಬೆಂಗಳೂರಿನ ಸುತ್ತಮುತ್ತ, ಕೊನೆಗೆ ಕರಾವಳಿಯಲ್ಲೂ. ಊರಿನವರು ಇವಕ್ಕೆ ಹೆಸರಿಟ್ಟಿದ್ದಾರೆ. ಬಯಲುಸೀಮೆಯಲ್ಲಿ ‘ಮೋರೇರ ಮನೆ’. ಇನ್ನು ಕೆಲವೆಡೆ ‘ಪಾಂಡವರ ಮನೆ’. ಕೊಡಗಿನಲ್ಲಿ ‘ಪಾಂಡುಪಾರೆ’. ಮೋರೇರು ಅಂದರೆ ಗಿಡ್ಡ ಜನ, ಒಂದೋ ಎರಡೋ ಅಡಿ ಎತ್ತರದವರು, ಅದಕ್ಕೇ ಇಷ್ಟು ಚಿಕ್ಕ ಮನೆ, ಇಷ್ಟು ಚಿಕ್ಕ ಕಿಂಡಿ ಎಂದು ಅಜ್ಜಂದಿರು ಹೇಳುತ್ತಾರೆ. ಮೋರೇರು ಅಂದರೆ ಮೌರ್ಯರೇ ಎನ್ನುವವರೂ ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಮತ್ತು ಈ ಗೋರಿಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಹಾಗೆ ಅನಿಸುವುದು ಸಹಜ. ಆದರೆ ಈ ಪದ್ಧತಿ ಅಶೋಕನಿಗಿಂತ ನೂರಾರು ವರ್ಷ ಮೊದಲೇ ಇಲ್ಲಿ ಶುರುವಾಗಿತ್ತು. ನನಗಂತೂ ಗಿಡ್ಡರ ಕಥೆಯೇ ಹೆಚ್ಚು ಇಷ್ಟ. ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಊರಿನವರು ತಾವೇ ಮಾಡಿದ ಪ್ರಯತ್ನ ಅದರಲ್ಲಿದೆ.

ಓದಿದವರು ಇವನ್ನು ಬೃಹತ್ ಶಿಲಾಯುಗದ ಸಮಾಧಿಗಳು ಎನ್ನುತ್ತಾರೆ. ‘ಶಿಲಾಯುಗ’ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇವನ್ನು ಕಟ್ಟಿದ ಜನಕ್ಕೆ ಕಬ್ಬಿಣ ಗೊತ್ತಿತ್ತು. ಕುಡುಗೋಲು, ಕೊಡಲಿ, ಬಾಣದ ಮೊನೆ ಎಲ್ಲ ಮಾಡುತ್ತಿದ್ದರು. ಗೋರಿ ಮಾತ್ರ ಕಲ್ಲಿನದು. ಅದರಲ್ಲೂ ಹತ್ತಾರು ಬಗೆ. ನೆಲದ ಮೇಲೆ ಕಾಣುವಂತೆ ನಿಲ್ಲಿಸಿದರೆ ಡಾಲ್ಮನ್, ಅಂದರೆ ಕಲ್ಮನೆ. ನೆಲದೊಳಗೆ ಚಪ್ಪಡಿಗಳ ಪೆಟ್ಟಿಗೆ ಹೂತರೆ ಸಿಸ್ಟ್. ಅದರ ಸುತ್ತ ಗುಂಡುಗಳನ್ನು ವೃತ್ತಾಕಾರವಾಗಿ ಜೋಡಿಸಿದರೆ ಕಲ್ಲುವೃತ್ತ. ಮೇಲೆ ಸಣ್ಣ ಕಲ್ಲು ರಾಶಿ ಹಾಕಿದರೆ ಗುಪ್ಪೆ, ಕಾಲ ಕಳೆದಂತೆ ಅದು ದಿಬ್ಬದ ಹಾಗೆ ಕಾಣುತ್ತದೆ. ಎಷ್ಟೋ ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಕೈ ತೂರಿಸಬಹುದಾದಷ್ಟು ಸಣ್ಣದೂ ಇದೆ, ಮನುಷ್ಯ ತೆವಳಿ ಹೋಗುವಷ್ಟು ದೊಡ್ಡದೂ ಇದೆ. ಈ ಕಿಂಡಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನೊಂದು ಮಾತು. ದಿಬ್ಬವೆಲ್ಲ ಗೋರಿಯಲ್ಲ. ಬಳ್ಳಾರಿ ಕಡೆಯ ಕುಡತಿನಿ, ಕುಪ್ಪಗಲ್ಲಿನ ಬೂದಿದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಜಾಗ ಎಂದು ನಂಬಿದವರಿದ್ದರು. ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ರಾಶಿ ಸುಟ್ಟು ಆದವು ಎಂಬುದನ್ನು ಅಗೆತಗಳು ತೋರಿಸಿವೆ. ಅವುಗಳ ಕಷ್ಟವೂ ಕಡಿಮೆಯಿಲ್ಲ, ಆದರೆ ಅದು ಬೇರೆಯೇ ಕಥೆ.

ಒಳಗೆ ಏನಿರುತ್ತದೆ? ಇಲ್ಲಿಂದಲೇ ನಿಜವಾದ ತೊಂದರೆ ಶುರು.

ಬ್ರಹ್ಮಗಿರಿಯನ್ನೇ ತೆಗೆದುಕೊಳ್ಳಿ. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬುಡದಲ್ಲಿ ಮೊದಲು ಅಗೆದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ (ಎಎಸ್‌ಐ) ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬಂದರು. ಊರಿದ್ದ ಜಾಗವನ್ನೂ ಅಗೆದರು, ಗೋರಿಗಳನ್ನೂ ಅಗೆದರು. ಗೋರಿಗಳೊಳಗೆ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಮಣಿ, ಮತ್ತೆ ಮೂಳೆ. ಒಬ್ಬರ ಪೂರ್ತಿ ಅಸ್ಥಿಪಂಜರವಲ್ಲ, ಹಲವರ ಬಿಡಿ ಮೂಳೆಗಳು. ಅಂದರೆ ಸತ್ತವರನ್ನು ಮೊದಲು ಬೇರೆಲ್ಲೋ ಇಟ್ಟು ಅಥವಾ ಹೂತು, ಉಳಿದ ಮೂಳೆಗಳನ್ನು ಆರಿಸಿ ತಂದು ಇಲ್ಲಿ ಇಡುತ್ತಿದ್ದರು. ಇದು ಒಂದು ಮನೆತನದ ಗೋರಿಯಾಗಿರಬಹುದು, ಕಿಂಡಿ ಇರುವುದು ಮತ್ತೆ ಮತ್ತೆ ತೆರೆಯಲಿಕ್ಕೇ ಇರಬಹುದು. ಕೆಲವು ಚಿನ್ನದ ಪುಟ್ಟ ಮಣಿಗಳೂ ಸಿಕ್ಕವು.

ಆ ಚಿನ್ನದ ಮಣಿಯ ಸುದ್ದಿ ಮಾತ್ರ ಊರೂರಿಗೆ ಹಬ್ಬುತ್ತದೆ. ಮಡಕೆ, ಮೂಳೆಯ ಸುದ್ದಿ ಹಬ್ಬುವುದಿಲ್ಲ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಬರುವವರಿಗೆ ಗೋರಿ ಅಂದರೆ ನಿಧಿ. ಚಪ್ಪಡಿ ಎತ್ತಿ, ಮಡಕೆ ಒಡೆದು, ಮಣ್ಣು ಹೊರಗೆ ಸುರಿದು ಹೋಗುತ್ತಾರೆ. ಸಾಮಾನ್ಯವಾಗಿ ಏನೂ ಸಿಕ್ಕಿರುವುದಿಲ್ಲ. ಹಾಳಾಗಿರುವುದು ಮಾತ್ರ ಎಲ್ಲವೂ.

ಯಾಕೆ ಎಲ್ಲವೂ? ಗೋರಿಯೊಳಗಿನ ವಸ್ತುವಿಗಿಂತ ಅದು ಇದ್ದ ಜಾಗಕ್ಕೆ ಬೆಲೆ ಜಾಸ್ತಿ. ವೀಲರ್ ಅವರ ಲೆಕ್ಕಾಚಾರ ನೋಡಿ. ಅವರಿಗೆ ಗೋರಿಗಳ ಕಾಲ ಗೊತ್ತುಮಾಡಲು ಒಂದು ಗೂಟ ಬೇಕಿತ್ತು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಜೊತೆ ಸಿಕ್ಕ ಒಂದು ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಆ ಎಳೆ ಹಿಡಿದು, ಪದರ ಎಣಿಸಿ, ಗೋರಿಗಳು ಕ್ರಿ.ಪೂ. 200ರ ಸುಮಾರಿಗೆ ಶುರುವಾದವು ಎಂದರು. ಆಮೇಲೆ ಇದ್ದಿಲು, ಕಾಳಿನಂಥವುಗಳ ವಯಸ್ಸು ಹೇಳುವ ರೇಡಿಯೊಕಾರ್ಬನ್ ಪರೀಕ್ಷೆ ಬಂತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದರು. ಅಲ್ಲಿ ಕಬ್ಬಿಣ ಇದ್ದ ಪದರದ ಇದ್ದಿಲು ಕ್ರಿ.ಪೂ. 1000ದ ಆಸುಪಾಸಿನದು ಎಂದಾಯಿತು. ಒಂದೇ ಏಟಿಗೆ ದಕ್ಷಿಣದ ಕಬ್ಬಿಣದ ಕಾಲ ನೂರಾರು ವರ್ಷ ಹಿಂದಕ್ಕೆ ಹೋಯಿತು. ಕಾರಣ ಒಂದು ಹಿಡಿ ಇದ್ದಿಲು. ಅದು ಯಾರೂ ಕೆದಕದ ಜಾಗದಲ್ಲಿ ಇತ್ತು, ಅಷ್ಟೇ.

ತಮಿಳುನಾಡಿನ ಶಿವಗಳೈಯಲ್ಲೂ ಹೀಗೇ. ಅಲ್ಲಿನ ಹೂಳುಮಡಕೆಯೊಂದರಲ್ಲಿದ್ದ ಭತ್ತದ ಕಾಳು ಕ್ರಿ.ಪೂ. 1155ರದ್ದು ಎಂದು ಪರೀಕ್ಷೆ ಹೇಳಿತು. ಅದೇ ಊರಿನ ಗೋರಿಗಳ ಇದ್ದಿಲಿನ ಆಧಾರದ ಮೇಲೆ ಕಬ್ಬಿಣ 5,000 ವರ್ಷ ಹಿಂದಿನದು ಎಂದು 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಆ ಕಾಲವನ್ನು ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ಚರ್ಚೆ ನಡೆಯಲಾದರೂ ಕೆದಕದ ಗೋರಿ ಬೇಕಲ್ವಾ? ಹಾರೆ ಬಿದ್ದ ಗೋರಿಯ ಮೇಲೆ ಚರ್ಚೆಯೇ ಸಾಧ್ಯವಿಲ್ಲ.

ಕರಾವಳಿಯ ಮೂಡುಬಿದಿರೆ ಹತ್ತಿರದ ಮೂಡುಕೊಣಜೆಯಲ್ಲಿ 1980ರ ದಶಕದಲ್ಲಿ ಒಂಬತ್ತು ಕಲ್ಮನೆಗಳಿದ್ದವು. ಈಗ ಸರಿಯಾಗಿ ನಿಂತಿರುವುದು ಎರಡೇ. 2023ರಲ್ಲಿ ಅಲ್ಲಿ ಸುಟ್ಟ ಮಣ್ಣಿನ ಪುಟ್ಟ ಗೊಂಬೆಗಳು ಸಿಕ್ಕವು: ಗೂಳಿ, ನವಿಲು, ಕುದುರೆ, ತಾಯಿದೇವತೆ. ಇಂಥ ಗೋರಿಯಲ್ಲಿ ಗೊಂಬೆ ಸಿಗುವುದು ಅಪರೂಪ. ಮುಕ್ಕಾಲು ಪಾಲು ಹಾಳಾದ ಜಾಗದಲ್ಲೇ ಇಷ್ಟು ಸಿಕ್ಕಿದೆ. ಉಳಿದ ಏಳರಲ್ಲಿ ಏನಿತ್ತೋ.

ಹಾಗಾದರೆ ಕಾನೂನು ಇಲ್ಲವಾ? ಇದೆ. ಸ್ವಲ್ಪ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿಯೇ ಇದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ‘ಪ್ರಾಚೀನ ಸ್ಮಾರಕ’ ಅಂದರೆ ಏನು ಎಂದು ಹೇಳುವಾಗ ಕಟ್ಟಡ, ಗುಹೆ, ಶಾಸನಗಳ ಜೊತೆಗೆ ಸಮಾಧಿ ದಿಬ್ಬ ಮತ್ತು ಹೂಳಿದ ಜಾಗಗಳನ್ನೂ ಹೆಸರು ಹಿಡಿದು ಹೇಳುತ್ತದೆ. ಈ ಮಾತು ಬ್ರಿಟಿಷರ 1904ರ ಕಾಯ್ದೆಯಿಂದಲೇ ಬಂದದ್ದು. ಕರ್ನಾಟಕದ್ದೇ ಆದ 1961ರ ಕಾಯ್ದೆ ಬೇರೆ ಇದೆ. ನಿಧಿ ಸಿಕ್ಕರೆ ಏನು ಮಾಡಬೇಕು ಎನ್ನಲು 1962ರ ನಿಕ್ಷೇಪ ಕಾಯ್ದೆ ಇದೆ. 2010ರ ತಿದ್ದುಪಡಿಯ ನಂತರ ಕೇಂದ್ರ ರಕ್ಷಿಸಿದ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಗೋರಿಗಳು ಯಾಕೆ ಕಾಣೆಯಾಗುತ್ತಿವೆ? ನನಗೆ ಅನಿಸುವುದು ಇಷ್ಟು: ಈ ಕಾನೂನು ಗುಡಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬೆಳೆದದ್ದು. ಗುಡಿಗೆ ನಾಲ್ಕು ಗೋಡೆ ಇದೆ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎನ್ನುವುದು ಗೊತ್ತು. ಅಲ್ಲಿಂದ 100 ಮೀಟರ್ ಅಳೆಯಬಹುದು, ಬೇಲಿ ಹಾಕಬಹುದು, ನೀಲಿ ಬೋರ್ಡ್ ನೆಡಬಹುದು. ಗೋರಿಗಳ ಬಯಲು ಹಾಗಲ್ಲ. ಅದು ಎಕರೆಗಟ್ಟಲೆ ಹರಡಿರುತ್ತದೆ. ಅರ್ಧಕ್ಕರ್ಧ ನೆಲದೊಳಗೆ ಇರುತ್ತದೆ. ಹತ್ತು ಗೋರಿ ಸರ್ಕಾರಿ ಗುಡ್ಡದಲ್ಲಿ, ಐದು ಗೋಮಾಳದಲ್ಲಿ, ಮೂರು ಯಾರದೋ ಜೋಳದ ಹೊಲದಲ್ಲಿ, ಎರಡು ಅರಣ್ಯದಲ್ಲಿ. ಇದಕ್ಕೆ ಬೇಲಿ ಹಾಕುವುದು ಎಲ್ಲಿಂದ ಎಲ್ಲಿಗೆ?

ಜೊತೆಗೆ ಕಾಯ್ದೆ ರಕ್ಷಿಸುವುದು ಅಧಿಸೂಚನೆ ಹೊರಟ ಜಾಗವನ್ನು ಮಾತ್ರ. ಪಟ್ಟಿಯಲ್ಲಿ ಹೆಸರು ಇಲ್ಲದ ಗೋರಿಗೆ ಸ್ಮಾರಕದ ವ್ಯಾಖ್ಯಾನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಟ್ಟಿಯಲ್ಲಿ ಇದ್ದವೂ ಕ್ಷೇಮ ಅಂತಲ್ಲ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ದೇಶದ ಸ್ಮಾರಕಗಳನ್ನು ಲೆಕ್ಕ ಹಾಕಿದಾಗ 92 ಸ್ಮಾರಕಗಳೇ ಸಿಗಲಿಲ್ಲ. ಆಮೇಲೆ ಎಎಸ್‌ಐ ಹುಡುಕಿ 42ನ್ನು ಪತ್ತೆ ಮಾಡಿತು. ಉಳಿದವುಗಳಲ್ಲಿ 14 ಊರು ಬೆಳೆದು ನುಂಗಿದ್ದವು, 12 ಅಣೆಕಟ್ಟಿನ ನೀರಲ್ಲಿ ಮುಳುಗಿದ್ದವು, 24ರ ಗುರುತೇ ಇರಲಿಲ್ಲ. ದೇಶದ ಮಹತ್ವದ್ದು ಎಂದು ಮೊಹರು ಬಿದ್ದವಕ್ಕೇ ಈ ಗತಿ. ಹೆಸರಿಲ್ಲದ ಕಲ್ಲುವೃತ್ತವನ್ನು ಯಾರು ಎಣಿಸುತ್ತಾರೆ?

ಈಗ ಒಂದು ಗೋರಿ ಹೇಗೆ ಮಾಯವಾಗುತ್ತದೆ ನೋಡೋಣ. ದುಷ್ಟರು ಯಾರೂ ಬೇಕಾಗಿಲ್ಲ. ಗ್ರಾನೈಟ್ ಗಣಿಗೆ ಒಬ್ಬರು ಅರ್ಜಿ ಹಾಕುತ್ತಾರೆ. ಕಂದಾಯ ಇಲಾಖೆ ತನ್ನ ಕಾಗದ ನೋಡುತ್ತದೆ. ಸರ್ಕಾರಿ ಖರಾಬು, ಕಲ್ಲುಗುಡ್ಡ, ಸಾಗುವಳಿ ಇಲ್ಲ. ಆಕ್ಷೇಪಣೆ ಏನೂ ಇಲ್ಲ ಎಂದು ಬರೆಯುತ್ತದೆ. ಅರಣ್ಯ ಇಲಾಖೆ ನಮ್ಮದಲ್ಲ ಎಂದು ಬರೆಯುತ್ತದೆ. ಇಬ್ಬರೂ ಹೇಳಿದ್ದು ನಿಜವೇ. ಸುಳ್ಳು ಎಲ್ಲೂ ಇಲ್ಲ. ಗೋರಿ ಕಟ್ಟಿದವರಿಗೆ ಬೇಕಾಗಿದ್ದದ್ದೂ, ಇವತ್ತಿನ ಗಣಿಯವರಿಗೆ ಬೇಕಾದದ್ದೂ ಒಂದೇ ಕಲ್ಲು: ಚೆನ್ನಾಗಿ ಪದರ ಬಿಡುವ ಗಟ್ಟಿ ಕಣಶಿಲೆ. ಹಾಗಾಗಿ ಇಬ್ಬರೂ ಅದೇ ಗುಡ್ಡಕ್ಕೆ ಬರುತ್ತಾರೆ. ಬಳ್ಳಾರಿಯ ಸಂಗನಕಲ್ಲು-ಕುಪ್ಪಗಲ್ಲಿನ ಗುಡ್ಡಗಳಲ್ಲಿ ಶಿಲಾಯುಗದ ಚಿತ್ರ, ಬಾರಿಸಿದರೆ ಗಂಟೆಯಂತೆ ನುಡಿಯುವ ಬಂಡೆಗಳು ಇವೆ ಎಂದು ಪ್ರಪಂಚಕ್ಕೆಲ್ಲ ಗೊತ್ತಾದ ಹೊತ್ತಿಗೂ ಪಕ್ಕದಲ್ಲಿ ಕಲ್ಲು ಒಡೆಯುವ ಸದ್ದು ನಿಂತಿರಲಿಲ್ಲ.

ಗೋಮಾಳದ ಕಥೆ ಇನ್ನೂ ಸೂಕ್ಷ್ಮ. ಭೂಮಿ ಇಲ್ಲದವರು ಬಗರ್‌ಹುಕುಂ ಸಾಗುವಳಿ ಮಾಡಿಕೊಂಡು ಬಂದ ಜಮೀನನ್ನು ಸಕ್ರಮ ಮಾಡಿಕೊಡುವುದು ನ್ಯಾಯವೇ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಆ ಜಮೀನಿನ ಮೂಲೆಯಲ್ಲಿ ಕಲ್ಲುವೃತ್ತ ಇದೆ ಎಂದು ನಕ್ಷೆಯಲ್ಲಿ ಗುರುತು ಇಲ್ಲದಿದ್ದರೆ, ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಹೊಲ ಹದ ಮಾಡಲು ಜೆಸಿಬಿ ಬರುತ್ತದೆ. ಗಂಟೆಗೆ ಇಷ್ಟು ಎಂದು ಬಾಡಿಗೆ. ಗುಂಡು ಬದುವಿಗೆ ಹೋಗುತ್ತದೆ, ಚಪ್ಪಡಿ ಮನೆಗೆ ಹೋಗುತ್ತದೆ. ಮಧ್ಯಾಹ್ನದೊಳಗೆ 2,500 ವರ್ಷ ಮುಗಿದಿರುತ್ತದೆ.

ರೈತರಿಗೆ ಗೊತ್ತಾದರೂ ಹೇಳುವುದಿಲ್ಲ. ಉಳುವಾಗ ಮಡಕೆ, ಮೂಳೆ ಸಿಕ್ಕರೆ ಸುಮ್ನೆ ಮುಚ್ಚಿಬಿಡುತ್ತಾರೆ. ‘ಇಲಾಖೆಯವರು ಬಂದರೆ ಹೊಲ ಹೋಯಿತು’ ಎಂಬ ಭಯ. ಹಂಪಿಯ ಸುತ್ತ ಒಂದು ಕೋಣೆ ಹೆಚ್ಚಿಗೆ ಕಟ್ಟಲೂ ಪರದಾಡುವವರನ್ನು ಕಂಡ ಮೇಲೆ ಈ ಭಯವನ್ನು ಮೂಢನಂಬಿಕೆ ಎನ್ನಲಾಗದು.

ಆದರೆ ಇಲ್ಲೊಂದು ವಿಚಿತ್ರ ಇದೆ. 1958ರ ಕಾಯ್ದೆಯ 19ನೇ ಸೆಕ್ಷನ್ ರಕ್ಷಿತ ಪ್ರದೇಶದಲ್ಲಿ ಕಟ್ಟಡ, ಗಣಿಗಾರಿಕೆ, ಸಿಡಿಮದ್ದು, ಅಗೆತ ಎಲ್ಲವನ್ನೂ ತಡೆಯುತ್ತದೆ. ಬೇಸಾಯವನ್ನು ಮಾತ್ರ ಪೂರ್ತಿ ತಡೆಯುವುದಿಲ್ಲ. ಮೇಲಿನಿಂದ ಒಂದು ಅಡಿ ಮಣ್ಣಿನವರೆಗೆ ಉಳಬಹುದು. ಕಾಯ್ದೆ ಬರೆದವರು ಎತ್ತಿನ ನೇಗಿಲಿನ ಕಾಲದವರು. ನೇಗಿಲು ಒಂದು ಅಡಿ ದಾಟುವುದಿಲ್ಲ, ಗೋರಿಗೆ ತಾಕುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಜಮೀನೂ ರೈತರ ಹೆಸರಲ್ಲೇ ಉಳಿಯಬಹುದು. ರಕ್ಷಣೆ ಅಂದರೆ ಸ್ವಾಧೀನ ಅಲ್ಲ. ಈ ಒಂದು ಅಡಿಯ ಮಾತನ್ನು ಹಳ್ಳಿಯಲ್ಲಿ ಯಾರಾದರೂ ಡಂಗುರ ಸಾರಿದ್ದಾರಾ? ‘ನಿಷೇಧಿತ ಪ್ರದೇಶ’ ಎಂಬ ಬೋರ್ಡ್ ಎಲ್ಲರೂ ಕಂಡಿದ್ದೇವೆ. ‘ಒಂದು ಅಡಿವರೆಗೆ ಉಳಬಹುದು’ ಎಂಬ ಬೋರ್ಡ್ ನಾನು ಎಲ್ಲೂ ಕಂಡಿಲ್ಲ. ಈಗ ಟ್ರ್ಯಾಕ್ಟರ್ ನೇಗಿಲು ಆ ಒಂದು ಅಡಿಯ ಗೆರೆಯನ್ನು ದಾಟಬಲ್ಲದು ಎನ್ನುವುದು ನಿಜ. ಆದರೂ ಗೆರೆ ಎಲ್ಲಿದೆ ಎಂದು ಗೊತ್ತಿದ್ದವರು ದಾಟದೆ ಇರಬಹುದು.

ಇನ್ನು ಹಿರೇಬೆಣಕಲ್. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರಿನಿಂದ ಗುಡ್ಡ ಹತ್ತಬೇಕು, ಬಿಸಿಲಿದ್ದರೆ ನೀರು ಹೊರಬೇಕು. ಹತ್ತಿದ ಮೇಲೆ ಮಾತು ನಿಲ್ಲುತ್ತದೆ. ಬಂಡೆಗಳ ಮೇಲೆ ಒಂದು ಓಣಿ ಇದ್ದ ಹಾಗೆ ಸಾಲುಸಾಲಾಗಿ ಕಲ್ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ ದಾಟಿ ಹತ್ತು ಅಡಿಯವರೆಗೆ. ದುಂಡು ಕಿಂಡಿಗಳು. ಒಟ್ಟು ಸುಮಾರು 400 ರಚನೆಗಳು ಎಂಬ ಲೆಕ್ಕವಿದೆ. ಪಕ್ಕದಲ್ಲೇ ನೀರು ನಿಲ್ಲುವ ಹೊಂಡ, ಅಲ್ಲಿಂದಲೇ ಕಲ್ಲು ಎಬ್ಬಿಸಿದ ಗುರುತು. ಗವಿಗಳಲ್ಲಿ ಕೆಂಪು ಬಣ್ಣದ ಚಿತ್ರಗಳು. ದೊಡ್ಡ ಬಂಡೆಯ ನೆತ್ತಿಯ ಮೇಲೆ ಕಲ್ಲಿನ ನಗಾರಿ. ಬಾರಿಸಿದರೆ ದೂರದವರೆಗೆ ಕೇಳುತ್ತದೆ. 19ನೇ ಶತಮಾನದಲ್ಲಿ ಸುರಪುರದಲ್ಲಿ ಆಡಳಿತಗಾರನಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯ ಗೋರಿಗಳನ್ನು ಹುಡುಕಿ ಬರೆದ. ನಮ್ಮ ಕಾಲಕ್ಕೆ ಬಂದರೆ ಅ. ಸುಂದರ ಅವರು ಉತ್ತರ ಕರ್ನಾಟಕದ ಕೋಣೆಗೋರಿಗಳನ್ನು ಒಂದೊಂದಾಗಿ ಅಳೆದು, ಬಗೆ ಬಗೆಯಾಗಿ ವಿಂಗಡಿಸಿದರು.

ಹಿರೇಬೆಣಕಲ್ಲಿನಲ್ಲಿ ಎಲ್ಲವೂ ಒಟ್ಟಿಗೆ ಉಳಿದಿದೆ: ಗೋರಿ, ಕಲ್ಲು ಎಬ್ಬಿಸಿದ ಜಾಗ, ನೀರು, ಚಿತ್ರ, ನಗಾರಿ. ಒಂದನ್ನು ತೆಗೆದರೆ ಇನ್ನೊಂದು ಅರ್ಥವಾಗುವುದಿಲ್ಲ. ಎಎಸ್‌ಐ ರಕ್ಷಣೆಯೂ ಇದಕ್ಕಿದೆ. 2021ರಲ್ಲಿ ಭಾರತ ಇದನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು.

ಈ ತಾತ್ಕಾಲಿಕ ಪಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಪೇಪರಿನಲ್ಲಿ ‘ಯುನೆಸ್ಕೊ ಪಟ್ಟಿಗೆ ಹಿರೇಬೆಣಕಲ್’ ಎಂದು ಓದಿದವರು ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ಇದು ಮದುವೆಯಲ್ಲ, ಜಾತಕ ಕೊಟ್ಟ ಹಾಗೆ. ಭಾರತದ್ದೇ 60ಕ್ಕೂ ಹೆಚ್ಚು ಜಾತಕಗಳು ಅಲ್ಲಿವೆ. 2020ರ ನಂತರ ಒಂದು ದೇಶ ವರ್ಷಕ್ಕೆ ಒಂದನ್ನು ಮಾತ್ರ ಪೂರ್ಣ ಪ್ರಸ್ತಾವವಾಗಿ ಕಳಿಸಬಹುದು. ಅಂದರೆ ಸರದಿಯಲ್ಲಿ ನಿಂತರೆ ತಲೆಮಾರು ಕಳೆಯುತ್ತದೆ. ಆದರೆ ಸರದಿ ಸರದಿಯಂತೆ ನಡೆಯುವುದಿಲ್ಲ. ಹಿರೇಬೆಣಕಲ್ ಜೊತೆಗೇ 2021ರಲ್ಲಿ ಪಟ್ಟಿ ಸೇರಿದ ಮರಾಠಾ ಕೋಟೆಗಳಿಗೆ 2025ರಲ್ಲೇ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. 2024ರಲ್ಲಿ ಅಸ್ಸಾಮಿನ ಚರಾಯ್ದೇವ್‌ನ ಮೊಯ್ದಾಮ್‌ಗಳಿಗೆ ಸಿಕ್ಕಿತು.

ಈ ಮೊಯ್ದಾಮ್‌ಗಳನ್ನು ನಾವು ಗಮನಿಸಲೇಬೇಕು. ಅವೂ ಸಮಾಧಿ ದಿಬ್ಬಗಳೇ. ಒಳಗೆ ಕೋಣೆ, ಮೇಲೆ ಮಣ್ಣಿನ ಗುಡ್ಡೆ. ಅಹೋಮ್ ರಾಜಮನೆತನದವು, ನಮ್ಮವುಗಳಿಗಿಂತ ತೀರಾ ಈಚಿನವು. ಆದರೆ ಅವಕ್ಕೆ ಒಂದು ಬಲ ಇದೆ, ನಮ್ಮವಕ್ಕೆ ಇಲ್ಲ. ಅವುಗಳಿಗೆ ವಾರಸುದಾರರಿದ್ದಾರೆ. ಅಹೋಮರು ಇವತ್ತಿಗೂ ಪ್ರತಿ ವರ್ಷ ಜನವರಿ 31ರಂದು ಮೆ-ಡಾಮ್-ಮೆ-ಫಿ ಹಬ್ಬ ಮಾಡಿ ಹಿರಿಯರಿಗೆ ಎಡೆ ಇಡುತ್ತಾರೆ. ಮರಾಠಾ ಕೋಟೆಗಳ ಹಿಂದೆ ಶಿವಾಜಿ ಇದ್ದಾರೆ. ಮೋರೇರ ಹಿಂದೆ ಯಾರಿದ್ದಾರೆ? ಈ ಗೋರಿಯಲ್ಲಿ ಇರುವುದು ನಮ್ಮ ಅಜ್ಜನ ಅಜ್ಜ ಎಂದು ಯಾವ ಜಾತಿಯೂ ಹೇಳುವುದಿಲ್ಲ, ಯಾವ ಪಕ್ಷವೂ ಹೇಳುವುದಿಲ್ಲ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದು, ಜಗಳ ಇಲ್ಲ. ಇನ್ನೊಂದು ಲೆಕ್ಕದಲ್ಲಿ ಕೇಳುವವರೇ ಇಲ್ಲ. ಎಲ್ಲರ ಹಿರಿಯರೂ ಆಗಿರಬಹುದಾದವರು ಯಾರ ಹಿರಿಯರೂ ಅಲ್ಲದ ಹಾಗೆ ಆಗಿದ್ದಾರೆ.

ಪೂಜೆಗೆ ಬಿದ್ದ ಕಲ್ಲುಗಳು ಮಾತ್ರ ಉಳಿದುಕೊಂಡಿವೆ. ಕುಂಕುಮ ಬಿದ್ದ ನಿಲುಗಲ್ಲನ್ನು ಯಾವ ಜೆಸಿಬಿ ಡ್ರೈವರೂ ಮುಟ್ಟುವುದಿಲ್ಲ. ಆದರೆ ಹತ್ತು ವರ್ಷದಲ್ಲಿ ಅದಕ್ಕೆ ಸಿಮೆಂಟ್ ಕಟ್ಟೆ, ಇಪ್ಪತ್ತು ವರ್ಷದಲ್ಲಿ ಟೈಲ್ಸ್, ಆಮೇಲೆ ತಗಡಿನ ಚಾವಣಿ. ಕಲ್ಲು ಉಳಿಯಿತು, ಅದರ ಸುತ್ತ ನೆಲದಲ್ಲಿ ಇದ್ದದ್ದು ಹೋಯಿತು. ಪುರಾತತ್ವದವರು ಇದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಾರೆ. ನಾನು ಅಷ್ಟು ಕಟುವಾಗಿರಲಾರೆ. ಇಲ್ಲದಿದ್ದರೆ ಕಲ್ಲೂ ಇರುತ್ತಿರಲಿಲ್ಲ.

ಹೊರದೇಶಗಳಲ್ಲಿ ಗೋರಿಗಳ ಬಯಲನ್ನೇ ಉಳಿಸಿಕೊಂಡ ಉದಾಹರಣೆಗಳಿವೆ. ದಕ್ಷಿಣ ಕೊರಿಯಾದ ಗೊಚಾಂಗ್, ಹ್ವಾಸುನ್, ಗಂಗ್ವಾ ಎಂಬ ಮೂರು ಕಡೆಯ ಡಾಲ್ಮನ್‌ಗಳಿಗೆ 2000ದಲ್ಲೇ ಯುನೆಸ್ಕೊ ಪಟ್ಟ ಬಂತು. ಅವೂ ನಮ್ಮವುಗಳ ಹಾಗೇ ಹೆಸರಿಲ್ಲದ ಜನರ ಗೋರಿಗಳು. ಬಹರೇನ್ ಕಥೆ ನಮಗೆ ಇನ್ನೂ ಹತ್ತಿರ. ಆ ಪುಟ್ಟ ದ್ವೀಪದಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಗೋರಿದಿಬ್ಬಗಳು ಲೆಕ್ಕವಿಲ್ಲದಷ್ಟಿದ್ದವು. ಮನೆ, ರಸ್ತೆಗಳಿಗೆ ಬಹುಪಾಲು ಹೋದವು. ಉಳಿದವನ್ನು ಗುಡ್ಡೆ ಗುಡ್ಡೆಯಾಗಿ 21 ಜಾಗಗಳಲ್ಲಿ ಗುರುತಿಸಿ, ಒಂದೊಂದನ್ನೂ ಎಣಿಸಿ, 11,774 ದಿಬ್ಬಗಳು ಎಂದು ಲೆಕ್ಕ ಕೊಟ್ಟು 2019ರಲ್ಲಿ ಪಟ್ಟಿಗೆ ಸೇರಿಸಿದರು. ಎಲ್ಲವನ್ನೂ ಉಳಿಸಲಿಲ್ಲ. ಏನು ಉಳಿದಿದೆ ಎಂದು ಸರಿಯಾಗಿ ಎಣಿಸಿದರು.

ನಮ್ಮಲ್ಲೂ ಎಲ್ಲವನ್ನೂ ಉಳಿಸಲಾಗದು. ಹಾಗೆ ಹೇಳುವುದು ಸುಮ್ಮನೆ ಭಾಷಣ. ಬೆಂಗಳೂರು ಸುತ್ತ ಬೆಳೆಯುವ ಬಡಾವಣೆಗಳ ನಡುವೆ ಒಂದೊಂದು ಕಲ್ಲುವೃತ್ತಕ್ಕೂ 100 ಮೀಟರ್ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಬಿಡಲಾರದ್ದನ್ನು ಕೇಳಿ, ಕೊನೆಗೆ ಏನೂ ಸಿಗದಂತೆ ಮಾಡಿಕೊಳ್ಳುವುದಕ್ಕಿಂತ, ಅಗೆದು, ಅಳೆದು, ಚಿತ್ರ ಬರೆದು, ಆಮೇಲೆ ಜಾಗ ಬಿಟ್ಟುಕೊಡುವುದು ಮೇಲು. ನಾಗಾರ್ಜುನಸಾಗರ ಅಣೆಕಟ್ಟು ಕಟ್ಟುವಾಗ 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಕಣಿವೆಯನ್ನು ಹಾಗೇ ಅಗೆದರು. ಅಲ್ಲಿನ ಬೃಹತ್ ಶಿಲಾಗೋರಿಗಳ ಬಗ್ಗೆ ನಮಗೆ ಇವತ್ತು ಗೊತ್ತಿರುವುದು ಆ ಕೆಲಸದಿಂದಲೇ. ಅಣೆಕಟ್ಟಿಗೆ ಮಾಡಿದ್ದನ್ನು ಬಡಾವಣೆಗೆ, ಹೆದ್ದಾರಿಗೆ, ಕಲ್ಲುಗಣಿಗೆ ಮಾಡಬಾರದೆಂದೇನಿಲ್ಲ. ಖರ್ಚು ಯೋಜನೆಯ ಲೆಕ್ಕಕ್ಕೇ ಬರಲಿ.

ಹಿರೇಬೆಣಕಲ್, ಐಹೊಳೆಯಂಥವು ಬೇರೆ. ಅಲ್ಲಿ ಒಂದು ಗೋರಿಯಲ್ಲ, ಇಡೀ ಗುಡ್ಡವೇ ಉಳಿಯಬೇಕು. ಇದಕ್ಕೆ ನಮ್ಮಲ್ಲೇ ಒಂದು ಮಾದರಿ ಇದೆ, ಆದರೆ ಪುರಾತತ್ವದ್ದಲ್ಲ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣ ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು. ಅಲ್ಲಿ ಒಂದೊಂದು ಮರಕ್ಕೂ ಬೇಲಿ ಹಾಕಲಿಲ್ಲ, ತೋಪನ್ನೇ ತಾಣ ಅಂದರು. ಗೋರಿಗಳ ಬಯಲನ್ನೂ ಕಾನೂನು ಹಾಗೆ ನೋಡಲು ಕಲಿಯಬೇಕು. ಯುನೆಸ್ಕೊ ಪಟ್ಟ ಬಂದರೆ ತಾನಾಗಿ ಕಲಿಯುತ್ತದೆ ಎಂದು ನನಗೆ ನಂಬಿಕೆ ಇಲ್ಲ. ಪಟ್ಟ ಬಂದ ಮೊದಲ ವರ್ಷ ಗುಡ್ಡಕ್ಕೆ ಕಾಂಕ್ರೀಟ್ ಮೆಟ್ಟಿಲು, ಮೇಲೆ ಸೆಲ್ಫಿ ಪಾಯಿಂಟ್, ಕೆಳಗೆ ರೆಸಾರ್ಟ್ ಬರುತ್ತವೆ ಎಂಬುದನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು.

ನನ್ನ ಮಟ್ಟಿಗೆ ದೊಡ್ಡ ಕೆಲಸ ಇರುವುದು ದೆಹಲಿಯಲ್ಲೋ ಪ್ಯಾರಿಸ್‌ನಲ್ಲೋ ಅಲ್ಲ, ತಾಲ್ಲೂಕು ಕಚೇರಿಯಲ್ಲಿ. ವಿದ್ವಾಂಸರು ನೂರೈವತ್ತು ವರ್ಷದಿಂದ ಊರೂರು ಅಲೆದು ಗೋರಿಗಳನ್ನು ಬರೆದಿಟ್ಟಿದ್ದಾರೆ. ರಾಜ್ಯ ಪುರಾತತ್ವ ಇಲಾಖೆ ಗ್ರಾಮವಾರು ಸಮೀಕ್ಷೆಯನ್ನೂ ಮಾಡಿಸಿದೆ. ಆದರೆ ಅದೆಲ್ಲ ಪುಸ್ತಕದಲ್ಲಿದೆ. ಪುಸ್ತಕವನ್ನು ಸರ್ವೇಯರ್ ನೋಡುವುದಿಲ್ಲ, ಗಣಿಗೆ ಅನುಮತಿ ಕೊಡುವವರು ನೋಡುವುದಿಲ್ಲ, ಜಮೀನು ಕೊಳ್ಳುವವರಂತೂ ನೋಡುವುದೇ ಇಲ್ಲ. ಅವರೆಲ್ಲ ನೋಡುವುದು ಒಂದೇ ಕಾಗದ, ಪಹಣಿ. ಅದರಲ್ಲಿ ಭೂಮಿ ಖುಷ್ಕಿಯೋ ತರಿಯೋ, ಎಷ್ಟು ಗುಂಟೆ ಖರಾಬು, ಏನು ಬೆಳೆ, ಯಾರ ಹಕ್ಕು ಎಲ್ಲ ಇದೆ. 11ನೇ ಕಾಲಂನಲ್ಲಿ ಋಣಗಳನ್ನು ಬರೆಯುತ್ತಾರೆ, ಸೊಸೈಟಿಯಲ್ಲಿ ತೆಗೆದ ಸಾಲವೂ ಅಲ್ಲಿ ಬರುತ್ತದೆ. ಅದೇ ಕಾಲಂನಲ್ಲಿ ‘ಈ ಸರ್ವೆ ನಂಬರಿನಲ್ಲಿ ಪುರಾತನ ಗೋರಿ ಇದೆ, ಒಂದು ಅಡಿಗಿಂತ ಆಳ ಅಗೆಯುವಂತಿಲ್ಲ’ ಎಂದು ಒಂದು ಸಾಲು ಬಂದರೆ ಅಧಿಸೂಚನೆ ಹೊರಡುವ ಮೊದಲೇ ಅರ್ಧ ರಕ್ಷಣೆ ಆದಂತೆ. ಜಮೀನು ಮಾರಿದರೂ ಆ ಸಾಲು ಜೊತೆಗೇ ಹೋಗುತ್ತದೆ. ಗಣಿ ಅರ್ಜಿ ಬಂದಾಗ ಗುಮಾಸ್ತರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಹೊಸ ಇಲಾಖೆ ಬೇಡ, ಹೊಸ ಕಾವಲುಗಾರ ಬೇಡ. ಪುರಾತತ್ವ ಇಲಾಖೆಯ ಪುಸ್ತಕ ಕಂದಾಯ ಇಲಾಖೆಯ ಕಂಪ್ಯೂಟರ್‌ಗೆ ಹೋಗಬೇಕು, ಅಷ್ಟೆ. ಈ ಎರಡು ಇಲಾಖೆಗಳ ನಡುವಿನ ದೂರ ಹಿರೇಬೆಣಕಲ್ ಗುಡ್ಡಕ್ಕಿಂತ ಎತ್ತರ ಎನ್ನುವುದು ಬೇರೆ ಮಾತು.

ಅಮ್ಮನ ತವರಿನಲ್ಲಿ, ಹಿತ್ತಲಿನ ಬಾವಿ ಪಕ್ಕ ಬಟ್ಟೆ ಒಗೆಯುವ ದೊಡ್ಡ ಚಪ್ಪಡಿ ಒಂದಿತ್ತು. ಒಂದು ಅಂಚಿನಲ್ಲಿ ಅರ್ಧಚಂದ್ರದ ಹಾಗೆ ನುಣ್ಣಗೆ ಕಡಿದ ಕಚ್ಚು. ಸೋಪಿನ ನೀರು ಹರಿದುಹೋಗಲಿ ಅಂತ ಮಾಡಿದ್ದು ಎಂದು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಅದು ಒಡೆದ ಕಿಂಡಿಯ ಅರ್ಧ ಎಂದು ಹೊಳೆದದ್ದು ಹಿರೇಬೆಣಕಲ್ ನೋಡಿ ಬಂದ ಮೇಲೆ. ಮಾವನನ್ನು ಕೇಳಿದೆ. ‘ಮೋರೇರ ಹೊಲದಿಂದ ಗಾಡಿಯಲ್ಲಿ ತಂದದ್ದಪ್ಪ, ನಿಮ್ಮ ತಾತನ ಕಾಲದಲ್ಲಿ’ ಅಂದರು. ಮೊನ್ನೆ ಮೊಬೈಲ್‌ನಲ್ಲಿ ಆ ಹೊಲದ ಪಹಣಿ ತೆಗೆದು ನೋಡಿದೆ. ಖುಷ್ಕಿ, ಎರಡು ಎಕರೆ ಚಿಲ್ಲರೆ, ಮೂರು ಗುಂಟೆ ಖರಾಬು. 11ನೇ ಕಾಲಂನಲ್ಲಿ ಬೆಳೆ ಸಾಲದ ಒಂದು ಸಾಲು ಇತ್ತು.